ನಾಲ್ಕು ಸ್ಪೀಕರು, ಒಂದು ಮೈಕು

ಹೋದ ವರ್ಷ ಗಣಪತಿ ಹಬ್ಬಕ್ಕೆ ಅರಸೀಕೆರೆ ಸೀಮೆಯ ಒಂದೂರಿನಲ್ಲಿ ನಮ್ಮ ರಸಮಂಜರಿ ಇತ್ತು. ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗ ತನ್ನ ಗಿಟಾರಿನ ಜೊತೆಗೆ ನಾಲ್ಕು ಸ್ಪೀಕರಿನ ದೊಡ್ಡ ಕ್ಯಾಬಿನೆಟ್ಟನ್ನೂ ತಂದಿದ್ದ. ಟೆಂಪೋದಿಂದ ಇಳಿಸಲು ಮೂರು ಜನ ಬೇಕಾಯಿತು. ವೇದಿಕೆಯ ಮೆಟ್ಟಿಲು ಹತ್ತಿಸುವಾಗ ಒಬ್ಬನ ಬೆರಳು ಜಜ್ಜಿತು. ಸಂಜೆ ಸೌಂಡ್ ಚೆಕ್ ಹೊತ್ತಿಗೆ ಮೈಕ್ ಸೆಟ್ಟಿನವರು ಬಂದರು, ಕೆಳಗಡೆ ಎಡಗಡೆಯ ಸ್ಪೀಕರಿಗೆ ಒಂದು ಮೈಕು ಹಿಡಿಸಿದರು, ವೈರು ಎಳೆದುಕೊಂಡು ಡೋಲಕ್ಕಿನ ಕಡೆ ಹೋದರು. ಹುಡುಗ ನನ್ನ ಮುಖ ನೋಡಿದ. "ಅಣ್ಣಾ, ಉಳಿದ ಮೂರಕ್ಕೆ?"

ಉಳಿದ ಮೂರಕ್ಕೆ ಮೈಕು ಇಡುವುದಿಲ್ಲ. ಇವತ್ತಿನ ವೇದಿಕೆಗಳಲ್ಲಿ ಮೈದಾನದ ಜನ ಕೇಳುವ ಗಿಟಾರ್ ಹೆಚ್ಚುಕಮ್ಮಿ ಪೂರ್ತಿ ಆ ಒಂದು ಮೈಕು ಹಿಡಿದದ್ದೇ. ಅದು ಮಿಕ್ಸರಿಗೆ ಹೋಗಿ, ವೇದಿಕೆಯ ಎರಡೂ ಬದಿಯ ದೊಡ್ಡ ಬಾಕ್ಸುಗಳಿಂದ ಹೊರಗೆ ಬರುತ್ತದೆ. ಹಾಗಾದರೆ ಈ ಕ್ಯಾಬಿನೆಟ್, ನಮ್ಮ ಬಾಯಲ್ಲಿ ಕ್ಯಾಬ್, ಯಾರಿಗೆ? ನುಡಿಸುವವನಿಗೆ, ಅವನ ಪಕ್ಕದ ಡ್ರಮ್ಮರಿಗೆ, ಮತ್ತೆ ಆ ಮೈಕಿಗೆ. ಇಷ್ಟು ಮನಸ್ಸಿನಲ್ಲಿ ಕೂತರೆ ಯಾವ ಕ್ಯಾಬ್ ಕೊಳ್ಳಬೇಕು ಎಂಬ ಪ್ರಶ್ನೆಯ ಅರ್ಧ ಗಂಟು ಬಿಚ್ಚಿದ ಹಾಗೆ. ಗಿಟಾರಿಗೆ, ಪೆಡಲಿಗೆ ಸಾಲ ಮಾಡಿ ದುಡ್ಡು ಸುರಿದು, ಕೊನೆಗೆ ಸದ್ದು ಹೊರಡುವ ಪೆಟ್ಟಿಗೆಯನ್ನು ಕಣ್ಣಳತೆಯಲ್ಲಿ ಆರಿಸುವ ಹುಡುಗರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ದೊಡ್ಡ ಕ್ಯಾಬಿನೆಟ್ಟು ಹುಟ್ಟಿದ್ದಕ್ಕೆ ಅದರ ಕಾಲದಲ್ಲಿ ಸರಿಯಾದ ಕಾರಣವೇ ಇತ್ತು. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಜಿಮ್ ಮಾರ್ಷಲ್ ಎಂಬ ಡ್ರಮ್ ಮೇಷ್ಟರ ಅಂಗಡಿ ಇತ್ತು. ಅಮೆರಿಕದ ಫೆಂಡರ್ ಬಾಸ್‌ಮ್ಯಾನ್ ಆಂಪನ್ನು (ಆಂಪ್ಲಿಫೈಯರನ್ನು) ಮಾದರಿಯಾಗಿಟ್ಟುಕೊಂಡು 1962ರಲ್ಲಿ ಅವರ ಅಂಗಡಿಯಲ್ಲಿ ಮೊದಲ ಆಂಪ್ ತಯಾರಾಯಿತು. ಫೆಂಡರಿನದು ಹಿಂಭಾಗ ತೆರೆದ ಒಂದೇ ಪೆಟ್ಟಿಗೆ, ಒಳಗೆ 10 ಇಂಚಿನ ನಾಲ್ಕು ಸ್ಪೀಕರು. ಮಾರ್ಷಲ್ ಆಂಪನ್ನೇ ಬೇರೆ ಮಾಡಿ, 12 ಇಂಚಿನ ನಾಲ್ಕು ಸ್ಪೀಕರನ್ನು ಹಿಂಭಾಗ ಮುಚ್ಚಿದ ಪೆಟ್ಟಿಗೆಗೆ ಹಾಕಿದರು. ಆ ಕಾಲದ ಗಿಟಾರ್ ಸ್ಪೀಕರು ತಡೆಯುತ್ತಿದ್ದದ್ದು 15, 20 ವಾಟ್. ಒಂದು, ಎರಡು ಹಾಕಿದರೆ ಸುಟ್ಟುಹೋಗುತ್ತಿದ್ದವು. ನಾಲ್ಕು ಹಾಕಿದರೆ ಹೊರೆ ಹಂಚಿಕೊಳ್ಳುತ್ತಿದ್ದವು. 1965ರ ಹೊತ್ತಿಗೆ 'ದ ಹೂ' ತಂಡದ ಪೀಟ್ ಟೌನ್‌ಶೆಂಡ್ ಒಂದೇ ಪೆಟ್ಟಿಗೆಯಲ್ಲಿ ಎಂಟು ಸ್ಪೀಕರ್ ಬೇಕೆಂದು ಕೇಳಿದರು. ಮಾಡಿಕೊಟ್ಟರು. ಹೊರುವವರಿಗೆ ಅದು ಆಗಲಿಲ್ಲ. ಕೊನೆಗೆ ಎರಡು ಪೆಟ್ಟಿಗೆ ಮಾಡಿ ಒಂದರ ಮೇಲೊಂದು ಪೇರಿಸಿದರು. ನಾವು ಪೋಸ್ಟರುಗಳಲ್ಲಿ ನೋಡುತ್ತಾ ಬೆಳೆದ ಕಪ್ಪು ಗೋಡೆ ಹುಟ್ಟಿದ್ದು ಹಾಗೆ.

ಅದೇ 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ 55,000ಕ್ಕೂ ಹೆಚ್ಚು ಜನರ ಮುಂದೆ ಬೀಟಲ್ಸ್ ಹಾಡಿದರು. ವೇದಿಕೆ ಮೇಲಿದ್ದದ್ದು 100 ವಾಟಿನ ವಾಕ್ಸ್ ಆಂಪುಗಳು. ಹಾಡುವ ದನಿ ಹೋದದ್ದು ಕ್ರೀಡಾಂಗಣದ್ದೇ ಧ್ವನಿವರ್ಧಕಗಳಿಗೆ. ಜನರ ಕೂಗಿನ ನಡುವೆ ತಾವೇನು ನುಡಿಸುತ್ತಿದ್ದೇವೆಂದು ನುಡಿಸುವವರಿಗೇ ಕೇಳುತ್ತಿರಲಿಲ್ಲ. ಅಂಥ ಕಾಲದಲ್ಲಿ ಗಿಟಾರಿನವನು ಇಡೀ ಮೈದಾನಕ್ಕೆ ತಾನೇ ಕೇಳಿಸಬೇಕಿತ್ತು. ನಮ್ಮ ಊರಿನ ಮೈಕ್ ಸೆಟ್ಟಿನವರ ಬಳಿ ಇವತ್ತು ಇರುವ ಸಾಮಾನು ಅವರಿಗಿದ್ದಿದ್ದರೆ ಆ ಗೋಡೆಯನ್ನು ಯಾರೂ ಕಟ್ಟುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಈಗ ಪೆಟ್ಟಿಗೆಯ ಒಳಗಿನ ಮಾತಿಗೆ ಬರುತ್ತೇನೆ. ಮನೆಯ ಮ್ಯೂಸಿಕ್ ಸಿಸ್ಟಮ್ಮಿನ ಸ್ಪೀಕರು ಬಂದದ್ದನ್ನು ಬಂದ ಹಾಗೆ ಕೇಳಿಸಬೇಕು. ಗಿಟಾರ್ ಸ್ಪೀಕರಿಗೆ ಆ ಕೆಲಸವೇ ಇಲ್ಲ. ಗಿಟಾರಿನ ದಪ್ಪ ತಂತಿಯ ಸ್ವರ ಸುಮಾರು 82 ಹರ್ಟ್ಜ್‌. ಅಲ್ಲಿಂದ ಶುರುವಾಗಿ 5,000 ಹರ್ಟ್ಜ್‌ ಆಸುಪಾಸಿನವರೆಗೆ ಈ ಸ್ಪೀಕರು ಚೆನ್ನಾಗಿ ಹಾಡುತ್ತದೆ, ಅದರಾಚೆ ದನಿ ಬಿದ್ದುಹೋಗುತ್ತದೆ. ಈ ಬೀಳುವುದೇ ಅದರ ಗುಣ. ಡಿಸ್ಟಾರ್ಷನ್ ಪೆಡಲನ್ನು ನೇರವಾಗಿ ಮಿಕ್ಸರಿಗೆ ಕೊಟ್ಟು ಕೇಳಿದವರಿಗೆ ಗೊತ್ತು: ತಗಡಿನ ಡಬ್ಬಿಯಲ್ಲಿ ಜೇನುನೊಣ ಕೂಡಿಹಾಕಿದ ಹಾಗಿರುತ್ತದೆ. ಅದೇ ಸದ್ದು 12 ಇಂಚಿನ ಕಾಗದದ ಕೋನಿನ ಮೂಲಕ ಬಂದರೆ ಮುಳ್ಳೆಲ್ಲ ಉದುರಿ ಮೈದುಂಬಿಕೊಳ್ಳುತ್ತದೆ. ಅಂದರೆ ಸ್ಪೀಕರು ಗಿಟಾರಿನ ಒಂದು ಭಾಗ, ಮರ ಮತ್ತು ತಂತಿ ಇದ್ದ ಹಾಗೆ. 'ದ ಕಿಂಕ್ಸ್' ತಂಡದ ಡೇವ್ ಡೇವಿಸ್ 1964ರಲ್ಲಿ ತನ್ನ ಪುಟ್ಟ ಆಂಪಿನ ಕೋನನ್ನು ಬ್ಲೇಡಿನಿಂದ ಸೀಳಿದ. ಆ ಹರಿದ ಕಾಗದದಿಂದ ಹೊರಟ ಕರಕರ ಸದ್ದು ರಾಕ್ ಸಂಗೀತದ ದಾರಿಯನ್ನೇ ಬದಲಿಸಿತು.

ಹಾಗಾಗಿ ಆರಿಸುವಾಗ ಮೊದಲು ಸ್ಪೀಕರು, ಆಮೇಲೆ ಪೆಟ್ಟಿಗೆ, ಕೊನೆಗೆ ಎಷ್ಟು ಎಂಬ ಲೆಕ್ಕ. ಅಂಗಡಿಯಲ್ಲಿ ಈ ಸರತಿ ತಲೆಕೆಳಗಾಗುತ್ತದೆ.

ಸ್ಪೀಕರಿನ ಬೆನ್ನ ಮೇಲಿನ ಚೀಟಿಯಲ್ಲಿ ಎಲ್ಲರೂ ಓದುವುದು ವಾಟನ್ನು. ಅದು ಸ್ಪೀಕರು ಎಷ್ಟು ತಡೆಯುತ್ತದೆ ಎಂಬ ಅಂಕಿ. ಎಷ್ಟು ಜೋರಾಗಿ ಕೂಗುತ್ತದೆ ಎನ್ನುವುದಕ್ಕೆ ಬೇರೆಯದೇ ಅಂಕಿ ಇದೆ: ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದ ಡೆಸಿಬಲ್. ಸೆಲೆಸ್ಟಿಯನ್ ಕಂಪನಿಯ ವಿಂಟೇಜ್ 30 ಎಂಬ ಸ್ಪೀಕರು 60 ವಾಟ್ ತಡೆಯುತ್ತದೆ, ಅದರ ಡೆಸಿಬಲ್ 100. ಅದೇ ಕಂಪನಿಯ ಜಿ12ಟಿ-75 ಎಂಬುದು 75 ವಾಟ್ ತಡೆಯುತ್ತದೆ, ಡೆಸಿಬಲ್ 97. ಚೀಟಿ ನೋಡಿದವನು 75ನ್ನೇ ಕೊಳ್ಳುತ್ತಾನೆ. ಆದರೆ 3 ಡೆಸಿಬಲ್ ಎಂದರೆ ಆಂಪಿನ ಶಕ್ತಿ ಎರಡು ಪಟ್ಟಾದಂತೆ. ಮೊದಲನೆಯದಕ್ಕೆ 50 ವಾಟ್ ಕೊಟ್ಟರೆ ಎಷ್ಟು ಸದ್ದು ಬರುತ್ತದೋ ಎರಡನೆಯದರಿಂದ ಅಷ್ಟನ್ನೇ ತೆಗೆಯಲು 100 ವಾಟ್ ಬೇಕು. ಸ್ಪೀಕರು ಬದಲಿಸಿ 3 ಡೆಸಿಬಲ್ ಗಳಿಸುವುದು ಹೊಸ ಆಂಪು ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ. ಇನ್ನೂ ಒಂದು ಮಾತು: ಕಿವಿಗೆ ಸದ್ದು ಎರಡರಷ್ಟಾಯಿತು ಅನ್ನಿಸಲು ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ಶಕ್ತಿ ಹತ್ತು ಪಟ್ಟಾಗಬೇಕು. 50 ವಾಟಿನ ಆಂಪು ಮಾರಿ 100 ವಾಟಿನದು ತಂದ ಗೆಳೆಯರು 'ಏನೂ ವ್ಯತ್ಯಾಸ ಆಗಲಿಲ್ಲವಲ್ಲ' ಎಂದು ಮುಖ ಸಣ್ಣಗೆ ಮಾಡಿಕೊಳ್ಳುವುದು ಇದಕ್ಕೇ.

ಹಾಗೆಂದು ವಾಟನ್ನು ಮರೆಯುವ ಹಾಗಿಲ್ಲ. ವಾಲ್ವ್ ಆಂಪನ್ನು ಪೂರ್ತಿ ತಿರುಗಿಸಿದರೆ ಅದು ಚೀಟಿಯಲ್ಲಿ ಬರೆದದ್ದಕ್ಕಿಂತ ಹೆಚ್ಚೇ ಉಗುಳುತ್ತದೆ. 30 ವಾಟಿನ ಆಂಪಿಗೆ 60 ವಾಟ್ ತಡೆಯುವ ಸ್ಪೀಕರಿದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ.

ಸ್ವಭಾವದ ಮಾತು ಬಂದಾಗ ಕಿವಿಯೇ ಗುರು. ಗ್ರೀನ್‌ಬ್ಯಾಕ್ ಎಂಬ ಹಳೆಯ ಮಾದರಿ 25 ವಾಟಿನದು. ಮೆತ್ತಗೆ, ಮಧ್ಯದ ಸ್ವರಗಳಲ್ಲಿ ತುಸು ಒರಟಾಗಿ, ಬೇಗ ಒಡೆದ ದನಿಗೆ ತಿರುಗುತ್ತದೆ. 1986ರಲ್ಲಿ ಬಂದ ವಿಂಟೇಜ್ 30 ಮೇಲಿನ ಮಧ್ಯಸ್ವರಗಳನ್ನು ಮುಂದಕ್ಕೆ ತಳ್ಳುತ್ತದೆ. ಕೀಬೋರ್ಡು, ರಿದಮ್ ಪ್ಯಾಡ್, ಡೋಲಕ್ಕು ಎಲ್ಲ ಸೇರಿದ ಗದ್ದಲದಲ್ಲೂ ಅದರ ದನಿ ತೂರಿಕೊಂಡು ಬರುತ್ತದೆ. ಒಬ್ಬನೇ ಮನೆಯಲ್ಲಿ ಕೂತು ಕೇಳಿದಾಗ ಕರ್ಕಶ ಅನ್ನಿಸಿದ್ದು ವೇದಿಕೆಯಲ್ಲಿ ಹಿತವಾಗುವುದು ಇಂಥ ಕಡೆ. ಜೆನ್ಸನ್ ಮುಂತಾದ ಅಮೆರಿಕನ್ ಜಾತಿಯ ಸ್ಪೀಕರುಗಳು ಗಂಟೆಯಂಥ ಶುದ್ಧ ದನಿಗೆ ಹೆಸರಾದವು. 1981ರ 'ಗೀತಾ' ಚಿತ್ರಕ್ಕೆ ಇಳಯರಾಜಾ ಕೊಟ್ಟ ಹಾಡುಗಳನ್ನು ರಸಮಂಜರಿಯಲ್ಲಿ ಕೇಳದ ಊರಿಲ್ಲ. ಅವಕ್ಕೆ ಬೇಕಾದದ್ದು ಅಂಥ ಬಿಡಿಬಿಡಿಯಾದ ದನಿ. ನೀವು ನುಡಿಸುವುದರಲ್ಲಿ ಮುಕ್ಕಾಲು ಪಾಲು ಇಂಥ ಹಾಡೇ ಆಗಿದ್ದರೆ ಮೆಟಲ್ ತಂಡದ ಗಿಟಾರಿನವನ ಸಲಹೆ ಕೇಳಬೇಡಿ.

ಇನ್ನು ನಾನು ಕಲಿಯಲು ಹತ್ತು ವರ್ಷ ತೆಗೆದುಕೊಂಡ ಪಾಠ. ಮಂದ್ರದ ಸದ್ದಿನ ಅಲೆ ಉದ್ದ: 100 ಹರ್ಟ್ಜ್‌ ಅಲೆಗೆ ಮೂರೂವರೆ ಮೀಟರಿನಷ್ಟು. ಅದು ಸ್ಪೀಕರಿನಿಂದ ಹೊರಟು ನಾಲ್ಕೂ ಕಡೆ ಬಳಸಿಕೊಂಡು ಹರಡುತ್ತದೆ. 3,000 ಹರ್ಟ್ಜ್‌ ಅಲೆ ಒಂದು ಗೇಣಿಗಿಂತಲೂ ಕಡಿಮೆ, 11 ಸೆಂಟಿಮೀಟರ್ ಚಿಲ್ಲರೆ. 30 ಸೆಂಟಿಮೀಟರ್ ಅಗಲದ ಕೋನಿನಿಂದ ಹೊರಟ ಅದು ಟಾರ್ಚಿನ ಬೆಳಕಿನ ಹಾಗೆ ನೇರವಾಗಿ ಮುಂದಕ್ಕೆ ಹೋಗುತ್ತದೆ. ನೆಲದ ಮೇಲೆ ಕ್ಯಾಬ್ ಇಟ್ಟು ಪಕ್ಕದಲ್ಲಿ ನಿಂತವನ ಕಿವಿ ಆ ಬೆಳಕಿನಿಂದ ಹೊರಗೆ, ಮೇಲೆ, ಕತ್ತಲಲ್ಲಿ ಇರುತ್ತದೆ. ಅವನಿಗೆ ಸದ್ದು ಮಂಕಾಗಿ ಕೇಳುತ್ತದೆ. ಟ್ರೆಬಲ್ ಏರಿಸುತ್ತಾನೆ. ಸಾಲದು ಅನ್ನಿಸಿ ವಾಲ್ಯೂಮೂ ಏರಿಸುತ್ತಾನೆ. ಮುಂದಿನ ಸಾಲಿನಲ್ಲಿ ಕೂತ ಅಜ್ಜ ಕಿವಿ ಮುಚ್ಚಿಕೊಳ್ಳುತ್ತಾನೆ, ಮೈಕಿಗೂ ಅದೇ ಚುಚ್ಚುವ ಸದ್ದು ಹೋಗುತ್ತದೆ.

ನನಗೆ ಇದನ್ನು ತಿಳಿಸಿಕೊಟ್ಟವರು ಆರ್ಕೆಸ್ಟ್ರಾದಲ್ಲಿ ಬಹಳ ವರ್ಷ ನುಡಿಸಿದ್ದ ಹಿರಿಯರು. ಬಾಯಲ್ಲಿ ಹೇಳಲಿಲ್ಲ. ಸೌಂಡ್ ಚೆಕ್ಕಿನಲ್ಲಿ ನನ್ನ ಗಿಟಾರನ್ನು ತಾವು ತೆಗೆದುಕೊಂಡು, "ಹೋಗಪ್ಪಾ, ಅಲ್ಲಿ ಕ್ಯಾಬಿನ ಎದುರು ನೆಲದ ಮೇಲೆ ಕೂತ್ಕೊ" ಎಂದರು. ಎರಡು ಮೀಟರ್ ದೂರದಲ್ಲಿ ಕೂತೆ. ನಾನೇ ಇಟ್ಟಿದ್ದ ಟೋನ್‌ನಲ್ಲಿ ಅವರು ಒಂದೇ ಒಂದು ಕಾರ್ಡ್ ಬಾರಿಸಿದರು. ಹಲ್ಲು ಜುಮ್ಮೆಂದಿತು. ಎದ್ದು ಬಂದು ಟ್ರೆಬಲ್ ಅರ್ಧಕ್ಕೆ ಇಳಿಸಿದೆ. ಅವರು ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು, ಕ್ಯಾಬನ್ನು ಅದರ ಮೇಲೆ ಹಿಂದಕ್ಕೆ ಓರೆಯಾಗಿಸಿ, ಅದರ ಮೂತಿ ನನ್ನ ಎದೆಯ ಕಡೆಗೆ ನೋಡುವ ಹಾಗೆ ಇಟ್ಟರು. ಆ ರಾತ್ರಿ ನನ್ನ ವಾಲ್ಯೂಮು ಎಂದಿನ ಅರ್ಧದಷ್ಟಿತ್ತು, ಪ್ರತಿ ಸ್ವರವೂ ನನಗೆ ಕೇಳಿತು.

ಈ ಕಾರಣಕ್ಕೇ ನನ್ನ ಮೊದಲ ಸಲಹೆ ಯಾವಾಗಲೂ 12 ಇಂಚಿನ ಒಂದೇ ಸ್ಪೀಕರಿನ ಕ್ಯಾಬ್. ಎತ್ತಿ ಕುರ್ಚಿಯ ಮೇಲೋ ಸ್ಟ್ಯಾಂಡಿನ ಮೇಲೋ ಇಡಬಹುದು, ಕಿವಿಯ ಕಡೆ ತಿರುಗಿಸಬಹುದು. ಜೋರಾಗಿ ಬಾರಿಸುವ ಡ್ರಮ್ಮರ್ ಇದ್ದು, ಕಾಲೇಜು ಫೆಸ್ಟಿನಂಥ ಬಯಲಲ್ಲಿ ವೇದಿಕೆಯವರಿಗೆ ಕೇಳಿಸಲೆಂದು ಇಡುವ ಸರಿಯಾದ ಮಾನಿಟರ್ ಸ್ಪೀಕರು ಸಿಗುವ ಭರವಸೆ ಇಲ್ಲದವರಿಗೆ ಎರಡು ಸ್ಪೀಕರಿನದು. ಅದನ್ನೂ ಉದ್ದಕ್ಕೆ ನಿಲ್ಲಿಸುವಂಥದ್ದು ಸಿಕ್ಕರೆ ಒಳ್ಳೆಯದು, ಮೇಲಿನ ಸ್ಪೀಕರು ಕಿವಿಗೆ ಹತ್ತಿರವಾಗುತ್ತದೆ. ನಾಲ್ಕರದ್ದಕ್ಕೆ ಒಂದು ಘನತೆ ಇದೆ, ಪ್ಯಾಂಟಿನ ಕಾಲು ನಡುಗಿಸುವ ಆ ಗಾಳಿಯ ಹೊಡೆತ ಬೇರೆ ಯಾವುದರಲ್ಲೂ ಇಲ್ಲ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮಾರ್ಷಲ್ 1960ಎ ಕ್ಯಾಬಿನ ತೂಕ 36 ಕಿಲೋ. ಹೊರಲು ಜನ, ಸಾಗಿಸಲು ವಾಹನ ಇರುವವರ ಮಾತು ಬೇರೆ.

ಹಿಂಭಾಗ ತೆರೆದದ್ದೋ ಮುಚ್ಚಿದ್ದೋ ಎಂಬುದು ವೇದಿಕೆಯನ್ನು ನೋಡಿ ನಿರ್ಧರಿಸುವ ವಿಷಯ. ತೆರೆದ ಪೆಟ್ಟಿಗೆ ಹಿಂದಕ್ಕೂ ಅಷ್ಟೇ ಹಾಡುತ್ತದೆ. ಡ್ರಮ್ಮರಿಗೆ, ಕೀಬೋರ್ಡಿನವರಿಗೆ ಗಿಟಾರು ತಾನಾಗಿ ಸಿಗುತ್ತದೆ. ಹಿಂದೆ ಗೋಡೆಯಿದ್ದರೆ ಸದ್ದು ಅದಕ್ಕೆ ಬಡಿದು ಬಂದು ವಿಶಾಲವಾಗುತ್ತದೆ. ಬಯಲು ಪೆಂಡಾಲಿನಲ್ಲಿ ಬಟ್ಟೆಯ ಪರದೆಯ ಮುಂದೆ ಇಟ್ಟರೆ ಆ ಅರ್ಧ ಸದ್ದು ಹೊರಗಿನ ಕತ್ತಲಿಗೆ ಹೋಗುತ್ತದೆ, ಮಂದ್ರ ಸೊರಗುತ್ತದೆ. ಮುಚ್ಚಿದ ಪೆಟ್ಟಿಗೆಯ ಒಳಗಿನ ಗಾಳಿ ಕೋನನ್ನು ಹಿಡಿತದಲ್ಲಿಟ್ಟುಕೊಳ್ಳುತ್ತದೆ. ಮಂದ್ರ ಗಟ್ಟಿ, ಬಿಗಿ, ಮುಂದಕ್ಕೆ ಮಾತ್ರ. ನಮ್ಮ ಬಯಲು ವೇದಿಕೆಗಳಿಗೆ ಮುಚ್ಚಿದ್ದು, ಪಬ್ಬು ಮತ್ತು ಸಭಾಂಗಣಗಳಿಗೆ ತೆರೆದದ್ದು ನನ್ನ ಆಯ್ಕೆ. ಹಿಂದಿನ ಹಲಗೆಯನ್ನು ಸ್ಕ್ರೂ ಬಿಚ್ಚಿ ತೆಗೆಯುವ ಹಾಗಿದ್ದರೆ ಎರಡೂ ಒಂದರಲ್ಲೇ ಸಿಕ್ಕಿದಂತೆ.

ಓಮ್ ಲೆಕ್ಕವನ್ನು, ಅಂದರೆ ಸ್ಪೀಕರು ಕರೆಂಟಿಗೆ ಒಡ್ಡುವ ಅಡ್ಡಿಯ ಲೆಕ್ಕವನ್ನು, ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಆಂಪಿನ ಹಿಂದೆ 4, 8, 16 ಎಂದು ಬರೆದಿರುತ್ತದೆ. ಕ್ಯಾಬಿನ ಹಿಂದೆಯೂ ಒಂದು ಅಂಕಿ. ಎರಡೂ ಹೊಂದಬೇಕು. 8 ಓಮಿನ ಎರಡು ಕ್ಯಾಬುಗಳನ್ನು ಆಂಪಿನ ಎರಡು ಸ್ಪೀಕರ್ ತೂತುಗಳಿಗೆ ಚುಚ್ಚಿದರೆ ಒಟ್ಟು 16 ಆಗುವುದಿಲ್ಲ, 4 ಆಗುತ್ತದೆ. ಸಾಮಾನ್ಯವಾಗಿ ಅವು ಒಳಗೆ ಪ್ಯಾರಲಲ್ ಆಗಿ ಜೋಡಿಸಿರುತ್ತವೆ. ಟ್ರಾನ್ಸಿಸ್ಟರ್ ಆಂಪಿಗೆ ಓಮ್ ಕಡಿಮೆಯಾದರೆ ಕರೆಂಟು ಮಿತಿಮೀರಿ ಬಿಸಿಯಾಗುತ್ತದೆ. ವಾಲ್ವ್ ಆಂಪಿಗೆ ಸ್ಪೀಕರೇ ಇಲ್ಲದಿರುವುದು ಅದಕ್ಕಿಂತ ದೊಡ್ಡ ಗಂಡಾಂತರ. ನನಗೆ ಗೊತ್ತಾದದ್ದು ನಷ್ಟ ಆದ ಮೇಲೆ. ಹಾಸನದ ಕಡೆ ಒಂದು ಮದುವೆಮನೆ ಕಾರ್ಯಕ್ರಮದಲ್ಲಿ ಸ್ಪೀಕರ್ ವೈರು ಸಿಗಲಿಲ್ಲವೆಂದು ಗಿಟಾರಿನ ವೈರನ್ನೇ ಆಂಪಿನಿಂದ ಕ್ಯಾಬಿಗೆ ಚುಚ್ಚಿದೆ. ಎರಡಕ್ಕೂ ಒಂದೇ ಥರದ ಕಾಲಿಂಚಿನ ಜಾಕು, ಹೊರಗೆ ನೋಡಿದರೆ ಗುರುತೇ ಸಿಗದು. ಒಳಗೆ ಮಾತ್ರ ಗಿಟಾರಿನ ವೈರಿನಲ್ಲಿ ಕೂದಲಿನಂಥ ಒಂದು ತಂತಿ, ಸುತ್ತ ಜಾಲರಿ; ಸ್ಪೀಕರ್ ವೈರಿನಲ್ಲಿ ಎರಡು ದಪ್ಪ ತಾಮ್ರದ ತಂತಿ. ಐದನೆಯ ಹಾಡಿನಲ್ಲಿ ಆ ಸಣ್ಣ ತಂತಿ ಒಳಗೇ ಕಿತ್ತಿತು. ಸದ್ದು ನಿಂತಿತು. ನಾನು ಆಂಪು ಆಫ್ ಮಾಡುವ ಬದಲು ವಾಲ್ಯೂಮು ಏರಿಸಿ, ತಂತಿ ಮೀಟಿ ನೋಡಿದೆ. ಹೋಗಲು ಸ್ಪೀಕರಿಲ್ಲದ ಶಕ್ತಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೇ ತಿರುಗಿ ಬಡಿಯಿತು. ಮೊದಲು ಚಿಟಿಲ್ ಎಂಬ ಸದ್ದು, ಆಮೇಲೆ ಸುಟ್ಟ ವಾರ್ನಿಷಿನ ವಾಸನೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿ, ಕೊನೆಗೆ ಟ್ರಾನ್ಸ್‌ಫಾರ್ಮರ್ ಸುತ್ತಿಕೊಡುವವರೊಬ್ಬರಿಂದ ಹೊಸದು ಮಾಡಿಸಿಕೊಂಡೆ. ಅಂದಿನಿಂದ ನನ್ನ ಸ್ಪೀಕರ್ ವೈರಿನ ಎರಡು ತುದಿಗೂ ಕೆಂಪು ಟೇಪು ಸುತ್ತಿರುತ್ತದೆ. ಜಾಕಿನ ಬದಲು ತಿರುಗಿಸಿ ಬಿಗಿಯುವ ಸ್ಪೀಕಾನ್ ತೂತು ಇರುವ ಕ್ಯಾಬ್ ಸಿಕ್ಕರೆ ಬಿಡಬೇಡಿ. ಅದಕ್ಕೆ ತಪ್ಪು ವೈರು ಹೋಗುವುದೇ ಇಲ್ಲ.

ಮರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಳ್ಳೆಯ ಕಂಪನಿಗಳು ಹೆಚ್ಚಾಗಿ 18 ಮಿಲಿಮೀಟರ್ ದಪ್ಪದ ಬರ್ಚ್ ಪ್ಲೈವುಡ್ ಬಳಸುತ್ತವೆ, ಫೆಂಡರ್ ಹಳೆಯ ಕಾಲದಿಂದ ಪೈನ್ ಹಲಗೆ ಬಳಸಿದೆ. ಅಗ್ಗದವು ಮರದ ಹೊಟ್ಟು ಒತ್ತಿ ಮಾಡಿದ ಹಲಗೆಯವು: ತೂಕ ಜಾಸ್ತಿ, ನೀರು ಕುಡಿದರೆ ಉಬ್ಬುತ್ತವೆ. ಉಡುಪಿ, ಮಂಗಳೂರು, ಕಾರವಾರದ ಕಡೆ ನುಡಿಸುವವರು ಅದನ್ನು ಮನೆಗೇ ತರಬಾರದು. ನನ್ನ ಅಂಥದೊಂದು ಪೆಟ್ಟಿಗೆ ಮಳೆಗಾಲದ ಎರಡು ಕಾರ್ಯಕ್ರಮಕ್ಕೆ ಕೆಳಗಿನ ಅಂಚು ಅವಲಕ್ಕಿಯ ಹಾಗೆ ಉಬ್ಬಿ, ಸ್ಕ್ರೂ ಹಿಡಿತ ತಪ್ಪಿ, ಪ್ರತಿ ಮಂದ್ರ ಸ್ವರಕ್ಕೂ ಗರ್ ಎನ್ನುತ್ತಿತ್ತು. ಆಮೇಲೆ ನಮ್ಮ ಬೀದಿಯ ಆಚಾರ್ರ ಹತ್ತಿರ 18 ಮಿಲಿಮೀಟರ್ ಮರೈನ್ ಪ್ಲೈನಲ್ಲಿ ಹೊಸ ಪೆಟ್ಟಿಗೆ ಮಾಡಿಸಿದೆ. ಮೂಲೆಗಳಿಗೆ ಕಚ್ಚು ಕೊಟ್ಟು ಜೋಡಿಸಿ, ರೆಕ್ಸಿನ್ ಹೊದಿಸಿಕೊಟ್ಟರು. ಗಿಟಾರ್ ಪೆಟ್ಟಿಗೆಯ ಅಳತೆ ಒಂದು ಬೆರಳು ಹೆಚ್ಚುಕಮ್ಮಿಯಾದರೆ ಮುಳುಗಿಹೋಗುವುದಿಲ್ಲ. ಗಾಳಿ ಸೋರದ ಜೋಡಣೆ, ಅಲುಗಾಡದ ಮುಂದಿನ ಹಲಗೆ ಮುಖ್ಯ. ತೂಕದ ಚಿಂತೆ ಇರುವವರಿಗೆ ನಿಯೋಡಿಮಿಯಮ್ ಆಯಸ್ಕಾಂತದ ಸ್ಪೀಕರು ಇದೆ. ವಿಂಟೇಜ್ 30ರ ತೂಕ 4.7 ಕಿಲೋ, ನಿಯೋಡಿಮಿಯಮ್ಮಿನದು 2 ಕಿಲೋ ಆಸುಪಾಸು. ಬಸ್ಸಿನಲ್ಲಿ ಓಡಾಡುವ ಕಲಾವಿದನ ಸೊಂಟಕ್ಕೆ ಈ ವ್ಯತ್ಯಾಸ ತಿಳಿಯುತ್ತದೆ.

ಕ್ಯಾಬೇ ಬೇಡ ಎನ್ನುವವರೂ ಇದ್ದಾರೆ, ಅವರ ಮಾತನ್ನು ನಾನು ಗೌರವದಿಂದ ಕೇಳುತ್ತೇನೆ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2011ರ ಅಕ್ಟೋಬರ್ 30ರಂದು ನುಡಿಸಿದ ಮೆಟಾಲಿಕಾ ತಂಡ, 2013ರ ಡಿಸೆಂಬರಿನಲ್ಲಿ ಅಂಟಾರ್ಕ್ಟಿಕಾದ ಕಾರ್ಲೀನಿ ನೆಲೆಯಲ್ಲಿ ನುಡಿಸಿತು. ಅಲ್ಲಿನ ಪರಿಸರಕ್ಕೆ ಸದ್ದಿನ ತೊಂದರೆಯಾಗಬಾರದೆಂದು ಜನ ಹೆಡ್‌ಫೋನ್ ಹಾಕಿಕೊಂಡು ಕೇಳಿದರು; ಜನರ ಕಡೆಗೆ ಸ್ಪೀಕರು ಇಲ್ಲದೆಯೇ ಕಾರ್ಯಕ್ರಮ ನಡೆಯಿತು. ಇವತ್ತು ಪುಸ್ತಕದಷ್ಟು ದೊಡ್ಡ ಯಂತ್ರದೊಳಗೆ ಹತ್ತಾರು ಕ್ಯಾಬುಗಳ ದನಿಯ ಅಚ್ಚು ಇರುತ್ತದೆ, ನೇರವಾಗಿ ಮಿಕ್ಸರಿಗೆ ಕೊಡಬಹುದು. ಒಂದೇ ಸಂಜೆ ಭಾವಗೀತೆಯಿಂದ ಟಪ್ಪಾಂಗುಚ್ಚಿಯವರೆಗೆ ಇಪ್ಪತ್ತೈದು ಹಾಡು ನುಡಿಸುವ ರಸಮಂಜರಿ ಕಲಾವಿದನಿಗೆ ಅದು ನಿಜಕ್ಕೂ ವರ. ಒಂದೇ ಎಚ್ಚರ: ಆ ಯಂತ್ರವನ್ನು ಗಿಟಾರ್ ಕ್ಯಾಬಿಗೆ ಕೊಡುವುದಾದರೆ ಒಳಗಿನ ಕ್ಯಾಬಿನ ಅಚ್ಚನ್ನು ಆಫ್ ಮಾಡಿ. ಇಲ್ಲದಿದ್ದರೆ ಒಂದು ಸ್ಪೀಕರು ಸೋಸಿದ್ದನ್ನು ಇನ್ನೊಂದು ಸೋಸಿ, ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗಾಗುತ್ತದೆ.

ನಾನಂತೂ ಕ್ಯಾಬ್ ಬಿಟ್ಟಿಲ್ಲ. ಒಂದು ಸ್ವರ ಹಿಡಿದು ಕ್ಯಾಬಿನ ಎದುರು ನಿಂತಾಗ ಗಾಳಿ ಬಂದು ತಂತಿಯನ್ನು ಮತ್ತೆ ಅಲುಗಿಸಿ, ಆ ಸ್ವರ ಸಾಯದೆ ನಿಧಾನವಾಗಿ ಅರಳುವುದನ್ನು ಒಮ್ಮೆ ಅನುಭವಿಸಿದವರಿಗೆ ಬಿಡುವುದು ಕಷ್ಟ.

ಅರಸೀಕೆರೆ ಕಡೆಯ ಆ ರಾತ್ರಿ ಹುಡುಗ ಬಹಳ ನೊಂದ. ಹಾಡುವವರ ಮೈಕಿಗೆಲ್ಲ ಗಿಟಾರು ತುಂಬುತ್ತಿದೆ ಎಂದು ಮಿಕ್ಸರಿನವರು ನಾಲ್ಕು ಸಲ ಕೈಸನ್ನೆ ಮಾಡಿದರು. ಪ್ರತಿ ಸಲ ಇಳಿಸಿದಾಗಲೂ ಅವನ ವಾಲ್ವ್ ಆಂಪಿನ ದನಿ ಇನ್ನಷ್ಟು ಬಡವಾಯಿತು. ದೀಪಾವಳಿ ಕಳೆದ ಮೇಲೆ ಅವನು ಆ ಕ್ಯಾಬನ್ನು ಬೆಂಗಳೂರಿನ ಒಂದು ತಂಡಕ್ಕೆ ಮಾರಿ, ಆಚಾರ್ರ ಹತ್ತಿರವೇ ಒಂದು ಸ್ಪೀಕರಿನ ಪೆಟ್ಟಿಗೆ ಮಾಡಿಸಿಕೊಂಡ. ಒಳಗೆ 100 ಡೆಸಿಬಲಿನ ಸ್ಪೀಕರು. ಒಂದು ಮಧ್ಯಾಹ್ನ ನಮ್ಮ ಮನೆಗೆ ತಂದಾಗ ಇಬ್ಬರೂ ಮೈಕಿನ ಜಾಗ ಹುಡುಕುತ್ತಾ ಕೂತೆವು. ಶೂರ್ ಕಂಪನಿಯ ಎಸ್ಎಂ57, 1965ರಿಂದ ಬರುತ್ತಿರುವ ಅದೇ ಮೈಕು. ಆಂಪಿನ ಗೇನ್ ಏರಿಸಿ, ಗಿಟಾರು ನುಡಿಸದೆ, ಬರೀ ಶ್‌ಶ್ ಎಂಬ ಅದರ ಉಸಿರನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ಅವನು ಮೈಕನ್ನು ಸ್ಪೀಕರಿನ ಮುಂದೆ ಹೊದಿಸಿದ ಬಟ್ಟೆಯ ಎದುರು ಬೆರಳಿನಷ್ಟು ಬೆರಳಿನಷ್ಟು ಸರಿಸಿದ. ಕೋನಿನ ನಟ್ಟನಡುವೆ ಆ ಉಸಿರು ಕುಕ್ಕರಿನ ಹಬೆಯಷ್ಟು ಚೂಪು. ಅಂಚಿಗೆ ಹೋದಂತೆ ದೂರದ ಮಳೆ. ನಡುವಿನ ಗುಮ್ಮಟ ಮುಗಿದು ಕಾಗದ ಶುರುವಾಗುವಲ್ಲಿ ಒಂದು ಕಡೆ ಅವನು ಕೈ ನಿಲ್ಲಿಸಿದ, ತಲೆ ಎತ್ತಿ ನನ್ನ ಕಡೆ ನೋಡಿ ಹೆಡ್‌ಫೋನನ್ನು ನನಗೆ ಕೊಟ್ಟ. ಅಲ್ಲೇ ಇತ್ತು. ಪ್ರತಿ ಊರಿನ ಮೈಕ್ ಸೆಟ್ಟಿನವರಿಗೂ ಹುಡುಕುವ ಕಷ್ಟ ಬೇಡವೆಂದು ಬಟ್ಟೆಯ ಮೇಲೆ ಆ ಜಾಗದಲ್ಲಿ ಉಗುರಿನಷ್ಟು ಬಿಳಿ ಟೇಪು ಅಂಟಿಸಿದೆವು.